ಯುಎಸ್‌ಬಿ ಮೈಕ್ ಸಾಕೇ, ಇಂಟರ್‌ಫೇಸ್ ಬೇಕೇ?

ಒಬ್ಬರೇ ಮಾತಾಡಿ ರೆಕಾರ್ಡ್ ಮಾಡುವುದಷ್ಟೇ ಕೆಲಸವಾದರೆ ಅಗ್ಗದ ಯುಎಸ್‌ಬಿ ಮೈಕ್ ಧಾರಾಳ ಸಾಕು. ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್, ಅದನ್ನು ಕಂಪ್ಯೂಟರಿಗೆ ತಕ್ಕಂತೆ ಬದಲಿಸುವ ಡಿಜಿಟಲ್ ಪರಿವರ್ತಕ ಎರಡೂ ಒಳಗೇ ಇರುತ್ತವೆ. ಕೇಬಲ್ ಸಿಕ್ಕಿಸಿದರೆ ಆಯಿತು. ತೊಡಕು ಬರುವುದು ಹಾಡಿನ ಜೊತೆ ಗಿಟಾರ್ ಸೇರಿದಾಗ. ಎರಡು ಯುಎಸ್‌ಬಿ ಮೈಕ್‌ಗಳ ಕ್ಲಾಕ್ (ರೆಕಾರ್ಡಿಂಗಿನ ವೇಗ ಕಾಯುವ ಒಳಗಡಿಯಾರ) ಬೇರೆಬೇರೆ, ಹಾಗಾಗಿ ಉದ್ದದ ಟೇಕ್‌ನಲ್ಲಿ ಟ್ರ್ಯಾಕ್‌ಗಳು ಒಂದರಿಂದೊಂದು ನಿಧಾನಕ್ಕೆ ಜಾರುತ್ತವೆ.

ಎರಡು ಇನ್‌ಪುಟ್‌ನ ಇಂಟರ್‌ಫೇಸ್, ಅಂದರೆ ಮೈಕ್, ಗಿಟಾರ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ಗೆಲ್ಲುವುದು ಇಲ್ಲೇ: ಎರಡಕ್ಕೂ ಒಂದೇ ಕ್ಲಾಕ್. ಈಗಿನ ಅಗ್ಗದವೂ 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಸ್ವಚ್ಛವಾಗಿ ಕೆಲಸ ಮಾಡುತ್ತವೆ. ಕೊಳ್ಳುವ ಮುನ್ನ ಗೇನ್, ಅಂದರೆ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬಲ್ಲದು ಅನ್ನುವುದನ್ನು ನೋಡಿ: ಶೂರ್ ಎಸ್‌ಎಂ7ಬಿ ಥರದ ಸಣ್ಣ ಸಿಗ್ನಲ್ ಕೊಡುವ ಡೈನಾಮಿಕ್ ಮೈಕ್‌ಗೆ ಸುಮಾರು 60 ಡಿಬಿ (ಡೆಸಿಬೆಲ್) ಬೇಕು. 50ಕ್ಕೇ ನಿಲ್ಲುವ ಇಂಟರ್‌ಫೇಸಿನಲ್ಲಿ ದನಿ ಸಣ್ಣಗಾಗುತ್ತದೆ, ಆಮೇಲೆ ಏರಿಸಿದರೆ ಹಿಸ್ (ಸುಯ್ ಅನ್ನುವ ಸದ್ದು) ಏಳುತ್ತದೆ. ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಮೈಕ್‌ಗೆ ಕಡಿಮೆ ಗೇನ್ ಸಾಕು, ಆದರೆ ಕೇಬಲ್ಲಿನಲ್ಲೇ ಮೈಕ್‌ಗೆ ಹೋಗುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಇರಲೇಬೇಕು.

ಆದರೆ ಬರಿಗೋಡೆಯ ಕೋಣೆಯಲ್ಲಿ ಕಂಡೆನ್ಸರ್ ಫ್ಯಾನಿನ ಸದ್ದನ್ನೂ ಬಿಡುವುದಿಲ್ಲ. ಅಂಥಲ್ಲಿ ಡೈನಾಮಿಕ್ಕೇ ವಾಸಿ. ಬಾಯಿಂದ ನಾಲ್ಕು ಬೆರಳು ದೂರ, ತುಸು ಓರೆಯಾಗಿಟ್ಟರೆ ‘ಪ’ ಅಂದಾಗ ಉಸಿರು ಬಡಿಯುವುದಿಲ್ಲ; ಪೀಕ್, ಅಂದರೆ ದನಿಯ ಅತಿ ಜೋರಿನ ಮಟ್ಟ, ಮೀಟರಿನಲ್ಲಿ ಮೈನಸ್ 12 ಡಿಬಿ ಸುತ್ತ ಇರಲಿ. ಮಿಕ್ಕ ದುಡ್ಡಿಗೆ ಗಟ್ಟಿ ಸ್ಟ್ಯಾಂಡ್ ಕೊಳ್ಳಿ. ಅಲುಗಾಡುವ ಸ್ಟ್ಯಾಂಡಿನ ಗುಡುಗುಡು ಟ್ರ್ಯಾಕಿಗೆ ಹತ್ತಿದರೆ ತೆಗೆಯುವುದು ದೊಡ್ಡ ತಲೆನೋವು.