ಕೊಲೆಗಾರ ಯಾರು ಅಂತ ಇ-ರೀಡರೇ ಹೇಳಿಬಿಟ್ಟಿತು

ಪತ್ತೇದಾರಿ ಕಾದಂಬರಿ ಓದಲೆಂದೇ ಒಂದು ಇ-ರೀಡರ್, ಅಂದರೆ ಪರದೆಯ ಮೇಲೆ ಪುಸ್ತಕ ಓದುವ ಸಾಧನ, ಕೊಂಡೆ. ನಾಲ್ಕೇ ತಿಂಗಳಲ್ಲಿ ಪತ್ತೇದಾರಿ ಕಾದಂಬರಿಗೆ ಮಾತ್ರ ಅದು ಬೇಡ ಅಂತ ಮತ್ತೆ ಕಾಗದದ ಪುಸ್ತಕಕ್ಕೆ ಬಂದೆ. ಮಧ್ಯದಲ್ಲಿ ಪುಸ್ತಕ ಓದಿ ಕೇಳಿಸುವ ಆಡಿಯೋಬುಕ್ಕನ್ನೂ ನೋಡಿದ್ದಾಯಿತು. ನನ್ನ ಓಟು ಕಾಗದಕ್ಕೆ, ಮೊದಲೇ ಹೇಳಿಬಿಡುತ್ತೇನೆ. ಬ್ಯಾಟರಿ ಎಷ್ಟು ದಿನ ಬರುತ್ತದೆ, ಎಷ್ಟು ಪುಸ್ತಕ ಹಿಡಿಸುತ್ತದೆ ಅನ್ನುವುದೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ, ಬಿಡಿ.

ಎಡವಟ್ಟಾಗಿದ್ದು ಎಂಟನೇ ಅಧ್ಯಾಯದಲ್ಲಿ. ದೊಡ್ಡ ಮನೆ, ಸತ್ತು ಬಿದ್ದಿರುವ ಯಜಮಾನ, ಆಸ್ತಿಗೆ ಕಾದು ಕೂತ ಒಂದು ಹಿಂಡು ನೆಂಟರು. ಅಲ್ಲಿಗೆ ಒಬ್ಬಳು ನರ್ಸ್ ಬಂದಳು. ಇವಳ ಹೆಸರು ಹಿಂದೆ ಎಲ್ಲೋ ಬಂದಿತ್ತಲ್ಲ ಅನ್ನಿಸಿತು. ಕಾಗದದ ಪುಸ್ತಕವಾಗಿದ್ದರೆ ನಾಲ್ಕು ಹಾಳೆ ಹಿಂದಕ್ಕೆ ತಿರುವುತ್ತಿದ್ದೆ. ಇದರಲ್ಲಿ ಸರ್ಚ್ ಇದೆಯಲ್ಲ, ಜಾಣತನ ತೋರಿಸೋಣ ಅಂತ ಅವಳ ಹೆಸರು ಟೈಪ್ ಮಾಡಿದೆ. ಹೆಸರಿದ್ದ ಸಾಲುಗಳೆಲ್ಲ ಪಟ್ಟಿಯಾಗಿ ಬಂದು ಕೂತವು. ಓದಿದ ಪುಟಗಳದ್ದಷ್ಟೇ ಅಲ್ಲ, ಓದಬೇಕಾದ ಪುಟಗಳದ್ದೂ! ಪಟ್ಟಿಯ ತಳದಲ್ಲಿ ಕೊನೆಯ ಅಧ್ಯಾಯದ ಅರ್ಧ ಸಾಲು. ಅದರಲ್ಲಿ ಅವಳ ಹೆಸರಿನ ಪಕ್ಕದಲ್ಲೇ ಸಿರಿಂಜ್ ಇತ್ತು, ಬೇಡಿಯೂ ಇತ್ತು. ಇನ್ನೂ ಇನ್ನೂರು ಪುಟ ಬಾಕಿ.

ಸರಿ, ಸರ್ಚ್ ಮುಟ್ಟುವುದೇ ಬೇಡ ಅಂತ ಇನ್ನೊಂದು ಕಾದಂಬರಿ ತೆಗೆದೆ. ಅಲ್ಲಿ ಬೇರೆ ಕಾಟ. ಬೇರೆ ಓದುಗರು ಗುರುತು ಹಾಕಿಕೊಂಡ ಸಾಲುಗಳ ಕೆಳಗೆ ಸಣ್ಣ ಗೆರೆ, ಇಷ್ಟು ಜನ ಗುರುತು ಹಾಕಿದ್ದಾರೆ ಅನ್ನುವ ಲೆಕ್ಕ. ತೋಟದ ಮಾಲಿ ಗಡಿಯಾರದ ಬಗ್ಗೆ ಸುಮ್ನೆ ಏನೋ ಅಂದು ಹೋಗುತ್ತಾನೆ. ಆ ಒಂದು ಮಾತಿನ ಕೆಳಗೆ ಗೆರೆ! ಲೇಖಕಿ ಅಷ್ಟು ಕಷ್ಟಪಟ್ಟು ಬಚ್ಚಿಟ್ಟ ಸುಳಿವನ್ನು ಊರಿನವರೆಲ್ಲ ಬೆರಳು ಮಾಡಿ ತೋರಿಸಿದ ಹಾಗಾಯಿತು. ಇದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ನನಗೆ ಗೊತ್ತಾಗುವ ಹೊತ್ತಿಗೆ ಮಾಲಿಯ ಗುಟ್ಟು ರಟ್ಟಾಗಿತ್ತು.

ಹಿಂದಿನ ಪುಟಕ್ಕೆ ಹೋಗುವುದಕ್ಕೆ ಇಷ್ಟು ರಂಪ ಯಾಕೆ ಅಂತ ನಿಮಗೆ ಅನ್ನಿಸಬಹುದು. ಪತ್ತೇದಾರಿ ಕಥೆ ನಿಂತಿರುವುದೇ ಅದರ ಮೇಲೆ. ರೊನಾಲ್ಡ್ ನಾಕ್ಸ್ ಅನ್ನುವ ಇಂಗ್ಲೆಂಡಿನ ಪಾದ್ರಿಯೊಬ್ಬರು ತಾವೂ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. 1929ರಲ್ಲಿ ಅವರು ಇಂಥ ಕಥೆಗಳಿಗೆ ಹತ್ತು ನಿಯಮ ಮಾಡಿದರು. ಪತ್ತೇದಾರನ ಕೈಗೆ ಸಿಕ್ಕ ಸುಳಿವನ್ನು ಓದುಗರಿಂದ ಮುಚ್ಚಿಡುವ ಹಾಗಿಲ್ಲ ಅನ್ನುವುದು ಅದರಲ್ಲೊಂದು. ಅಂದರೆ ಉತ್ತರ ನಾವು ಆಗಲೇ ದಾಟಿ ಬಂದ ಯಾವುದೋ ಪುಟದಲ್ಲಿ ಬಿದ್ದಿರುತ್ತದೆ. ಹಿಂದಕ್ಕೆ ಹೋಗಿ ಅದನ್ನು ಹೆಕ್ಕುವುದರಲ್ಲೇ ಅಲ್ವಾ ಮಜಾ?

ಕಾಗದದಲ್ಲಿ ಆ ಕೆಲಸಕ್ಕೆ ನನ್ನ ಕೈಯೇ ಸಾಕು. ಆ ಮಾತು ಎಡಗಡೆ ಪುಟದ ಕೆಳಗಿತ್ತು, ಸುಮಾರು ಇಷ್ಟು ದಪ್ಪ ಹಿಂದೆ ಅಂತ ಹೇಗೋ ನೆನಪಿರುತ್ತದೆ. ಇ-ರೀಡರ್‌ನಲ್ಲಿ ಎಡಗಡೆಯೂ ಇಲ್ಲ, ದಪ್ಪವೂ ಇಲ್ಲ. ಅಕ್ಷರ ಸ್ವಲ್ಪ ದೊಡ್ಡದು ಮಾಡಿದರೆ ಇದ್ದ ಸಾಲೂ ಜಾಗ ಬದಲಿಸುತ್ತದೆ. ಕಾಗದದಲ್ಲಿ ಒಂದು ಬೆರಳು ಮನೆಯ ನಕ್ಷೆ ಇರುವ ಪುಟದಲ್ಲಿ, ಇನ್ನೊಂದು ಸಾಕ್ಷಿ ಹೇಳಿಕೆಯ ಪುಟದಲ್ಲಿ, ಕಣ್ಣು ಓದುತ್ತಿರುವ ಪುಟದಲ್ಲಿ. ನಕ್ಷೆ ಅಂದಾಗ ನೆನಪಾಯಿತು. ಬೀಗ ಹಾಕಿದ ಕೋಣೆಯ ಕೊಲೆಗಳಲ್ಲಿ ಮೊದಲಲ್ಲೇ ಮನೆಯ ನಕ್ಷೆ ಇರುತ್ತದಲ್ಲ, ನನ್ನ ಇ-ರೀಡರ್‌ನಲ್ಲಿ ಅದು ಬೆಂಕಿಪೊಟ್ಟಣದಷ್ಟಾಗಿ ಕಾಣುತ್ತಿತ್ತು. ದೊಡ್ಡದು ಮಾಡಿದರೆ ಪರದೆ ಒಮ್ಮೆ ಕಪ್ಪಾಗಿ, ಒಮ್ಮೆ ಬೆಳ್ಳಗಾಗಿ, ಕೊನೆಗೆ ಅಡುಗೆಮನೆ ಮಾತ್ರ ಕಾಣುತ್ತಿತ್ತು. ಕೊಲೆ ಆಗಿದ್ದು ಲೈಬ್ರರಿಯಲ್ಲಿ.

ಕಾಗದವೂ ಗುಟ್ಟು ಬಿಟ್ಟುಕೊಡುತ್ತದೆ, ಇಲ್ಲ ಅನ್ನುವುದಿಲ್ಲ. ಬಲಗೈಯಲ್ಲಿ ಇನ್ನೂ ಅಂಗುಲ ದಪ್ಪ ಹಾಳೆ ಉಳಿದಿರುವಾಗ ಸಿಕ್ಕಿಬಿದ್ದವನು ನಿಜವಾದ ಕೊಲೆಗಾರನಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಪ್ರತಿಯಲ್ಲಂತೂ ಯಾವನೋ ಪುಣ್ಯಾತ್ಮ ಪಾತ್ರಗಳ ಪಟ್ಟಿಯಲ್ಲೇ ಒಂದು ಹೆಸರಿನ ಮುಂದೆ 'ಇವನೇ' ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದ. ಕೊನೆ ಪುಟ ಕದ್ದು ನೋಡುವ ಚಟಕ್ಕೆ ಮಾತ್ರ ಹಿಂದೆಯೇ ಮದ್ದು ಹುಡುಕಿದವರಿದ್ದರು. ಅಮೆರಿಕದ ಹಾರ್ಪರ್ ಪ್ರಕಾಶನ 1929ರ ಸುಮಾರಿಗೆ ಪತ್ತೇದಾರಿ ಕಾದಂಬರಿಗಳ ಕೊನೆಯ ಭಾಗವನ್ನು ಕಾಗದದ ಪಟ್ಟಿಯಿಂದ ಮುಚ್ಚಿ ಮಾರುತ್ತಿತ್ತು. ಪಟ್ಟಿ ಹರಿಯದೆ ವಾಪಸ್ ತಂದುಕೊಟ್ಟರೆ ಹಣ ವಾಪಸ್. ನನ್ನ ಇ-ರೀಡರ್‌ನ ಸರ್ಚ್‌ಗೂ ಅಂಥದ್ದೊಂದು ಪಟ್ಟಿ ಅಂಟಿಸುವಂತಿದ್ದರೆ ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ.

ಆಡಿಯೋಬುಕ್ ಪತ್ತೇದಾರಿಗೆ ಇನ್ನೂ ಕಷ್ಟ. ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ. ಲೋಟ ಜಾರಿ ಬಿದ್ದ ಎರಡು ಕ್ಷಣದಲ್ಲಿ ಸುಳಿವು ಬಂದು ಹೋಗಿತ್ತು. ಇನ್ನೊಂದರಲ್ಲಿ ಅನಾಮಿಕ ಫೋನ್ ಕರೆ ಬರುತ್ತದೆ. ಕಥೆ ಓದಿ ಹೇಳುವವರು ಪಾಪ ಎಷ್ಟೇ ದನಿ ಬದಲಿಸಿದರೂ, ಕರೆ ಮಾಡಿದ್ದು ಕಥೆಯಲ್ಲಿ ಎಳೆದು ಮಾತಾಡುವ ಡಾಕ್ಟರೇ ಅಂತ ತಕ್ಷಣ ಗೊತ್ತಾಗಿಬಿಟ್ಟಿತು.

ಆದರೆ ಹಾರರ್‌ಗೆ ಆಡಿಯೋಬುಕ್ಕೇ ಸರಿ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಹೆದರಿಕೆ ಆದಾಗ ಕಾಗದದಲ್ಲಿ ಕಣ್ಣು ತಾನಾಗಿ ಕೆಳಗಿನ ಪ್ಯಾರಾಕ್ಕೆ ಹಾರುತ್ತದೆ. ಕಿವಿ ಹಾಗೆ ಹಾರಲಾರದು. ದೀಪ ಆರಿಸಿ, ಇಯರ್‌ಫೋನ್ ಹಾಕಿಕೊಂಡು ಮಲಗಿ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಅಂತ ಹೇಳಿ ಆ ದನಿ ಸುಮ್ಮನಾಗುತ್ತದಲ್ಲ, ಆ ಎರಡು ಸೆಕೆಂಡು ಯಾವ ಪುಸ್ತಕದಲ್ಲೂ ಅಚ್ಚಾಗುವುದಿಲ್ಲ. ವೇಗ ಮಾತ್ರ ಹೆಚ್ಚು ಮಾಡಬೇಡಿ. 1.5 ಪಟ್ಟು ಓಡಿಸಿದರೆ ದೆವ್ವ ಬಸ್ಸಿಗೆ ತಡವಾದವರ ಹಾಗೆ ಬಂದು ಹೋಗುತ್ತದೆ.

 

ಹಾಗಾದರೆ ಇ-ರೀಡರ್ ದಂಡವಾಯಿತಾ? ಇಲ್ಲ, ಥ್ರಿಲ್ಲರ್‌ಗೆ ಇಟ್ಟುಕೊಂಡಿದ್ದೇನೆ. ಮೇಜಿನ ಕೆಳಗಿನ ಬಾಂಬ್ ಬಗ್ಗೆ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಒಂದು ಮಾತು ಹೇಳುತ್ತಿದ್ದರು. ಬಾಂಬ್ ಇರುವುದು ಪ್ರೇಕ್ಷಕರಿಗೆ ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು, ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷದ ತಳಮಳ. ಥ್ರಿಲ್ಲರ್ ನಡೆಯುವುದು ಈ ತಳಮಳದ ಮೇಲೆ. ಅಲ್ಲಿ ನಾನು ಹಿಂದಕ್ಕೆ ನೋಡುವುದೇ ಕಡಿಮೆ, ಒಂದೇ ಸಮನೆ ಮುಂದಿನ ಪುಟ ಒತ್ತುತ್ತಿರುತ್ತೇನೆ. ರಾತ್ರಿ ಎರಡು ಗಂಟೆಗೆ ಒಂದು ಮುಗಿದರೆ ಆಗಲೇ ಇನ್ನೊಂದು ಶುರು ಮಾಡಬಹುದು. ಇದು ಒಳ್ಳೆಯದೋ ಕೆಟ್ಟದ್ದೋ, ಬೆಳಗ್ಗೆ ನನ್ನ ಕಣ್ಣು ನೋಡಿ ಹೇಳಿ.

ದುಡ್ಡಿನ ವಿಷಯಕ್ಕೆ ಬಂದರೂ ನನಗೆ ಕಾಗದವೇ ಗಿಟ್ಟುತ್ತದೆ. ಕೊಲೆಗಾರ ಗೊತ್ತಾದ ಪುಸ್ತಕವನ್ನು ನಾನು ಮತ್ತೆ ಓದುವುದು ಅಪರೂಪ. ಸೆಕೆಂಡ್ ಹ್ಯಾಂಡ್ ತಂದು, ಓದಿ, ಅಕ್ಕನಿಗೆ ಕೊಡುತ್ತೇನೆ. ಅವಳು ಓದಿದ್ದನ್ನು ನನಗೆ ಕೊಡುತ್ತಾಳೆ. ಇ-ಪುಸ್ತಕ ಕೊಡಬೇಕಾದರೆ ಇ-ರೀಡರನ್ನೇ ಕೊಟ್ಟು ಕಳಿಸಬೇಕು. ನೀವು ಒಂದೇ ಕಾದಂಬರಿಯನ್ನು ನಾಲ್ಕು ಸಲ ಓದುವವರಾದರೆ ಈ ಲೆಕ್ಕ ನಿಮಗೆ ಹೊಂದಲಿಕ್ಕಿಲ್ಲ.

ಆ ನರ್ಸ್ ಕಾದಂಬರಿ ಇನ್ನೂ ಎಂಟನೇ ಅಧ್ಯಾಯದಲ್ಲೇ ನಿಂತಿದೆ. ಮೊನ್ನೆ ಅದರ ಕಾಗದದ ಪ್ರತಿ ಸಿಕ್ಕಿತು. ತಂದಿಟ್ಟಿದ್ದೇನೆ, ಅವಳ ಹೆಸರು ಮರೆಯಲಿ ಅಂತ ಕಾಯುತ್ತಿದ್ದೇನೆ.