ಗಾಡಿ ಓಡ್ತಿರುವಾಗ್ಲೇ ಬ್ಯಾಟರಿ ಚಾರ್ಜ್: 30 ಆಂಪ್ ಡಿಸಿ-ಡಿಸಿ ಚಾರ್ಜರ್ ಹೇಗಿದೆ

ಕ್ಯಾಂಪರ್ ವ್ಯಾನ್ ಇರೋರು ತುಂಬಾ ಜನ ಕೇಳೋದು ಇದೇ, ಎಂಜಿನ್ ಓಡುವಾಗ ಕರೆಂಟ್ ಕೊಡೋ ಆಲ್ಟರ್ನೇಟರ್ ಹೇಗೂ ಇದೆಯಲ್ಲ, ಒಂದು ರಿಲೇ (ವೋಲ್ಟೇಜ್ ನೋಡಿ ತಾನೇ ಆನ್-ಆಫ್ ಆಗೋ ಸ್ವಿಚ್) ಹಾಕಿ ಎಂಜಿನ್ ಬ್ಯಾಟರಿಗೂ, ವ್ಯಾನ್ ಒಳಗಿನ ಲೈಟು ಗೀಟಿಗೆ ಅಂತ ಹಿಂದೆ ಇರೋ ಲೀಷರ್ ಬ್ಯಾಟರಿಗೂ ಜೋಡಿಸಿದ್ರೆ ಆಯ್ತಲ್ಲ, ಇಷ್ಟು ದುಡ್ಡು ಕೊಟ್ಟು ಡಿಸಿ-ಡಿಸಿ ಚಾರ್ಜರ್ ಯಾಕೆ ಅಂತ. ಹಳೇ ಗಾಡಿ, ಮಾಮೂಲಿ ಆಲ್ಟರ್ನೇಟರ್, ಹಿಂದೆ ಲೆಡ್ ಆಸಿಡ್ ಬ್ಯಾಟರಿ ಇದ್ರೆ ಹೌದು, ರಿಲೇನೇ ಸಾಕು, ಸುಮ್ನೆ ಖರ್ಚು ಮಾಡ್ಬೇಡಿ. ನನ್ನ ಗಾಡೀಲಿರೋದು ಸ್ಮಾರ್ಟ್ ಆಲ್ಟರ್ನೇಟರ್, ಹಿಂದೆ 100 ಎಎಚ್ (ಆಂಪ್-ಅವರ್) ಲಿಥಿಯಂ ಬ್ಯಾಟರಿ, ಹಾಗಾಗಿ ರಿಲೇ ಮಾತೇ ಇಲ್ಲ.

ಸ್ಮಾರ್ಟ್ ಆಲ್ಟರ್ನೇಟರ್ ಏನ್ಮಾಡುತ್ತೆ ಅಂದ್ರೆ ಎಂಜಿನ್ ಬ್ಯಾಟರಿ ತುಂಬಿದೆ ಅಂತ ಗೊತ್ತಾದ ತಕ್ಷಣ ಇಂಧನ ಉಳಿಸೋಕೆ ವೋಲ್ಟೇಜ್ 12.5ರ ಆಸುಪಾಸಿಗೆ ಇಳಿಸ್ಬಿಡುತ್ತೆ, ಇಳಿಜಾರಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದ್ರೆ 15ರ ಹತ್ರ ಹಾರುತ್ತೆ. ಸಾಮಾನ್ಯವಾಗಿ 13.3ಕ್ಕೆ ಸೇರ್ಕೊಂಡು 12.8ಕ್ಕೆ ಬಿಟ್ಕೊಳ್ಳೋ ರಿಲೇ ಇಂಥದ್ರಲ್ಲಿ ದಾರಿಯುದ್ದಕ್ಕೂ ಟಕ್ ಟಕ್ ಅಂತಿರುತ್ತೆ ಅಷ್ಟೇ, ಲಿಥಿಯಂ ಕೇಳೋ 14.2ರಿಂದ 14.6 ವೋಲ್ಟ್ ನೆಟ್ಟಗೆ ಸಿಗೋದೇ ಇಲ್ಲ. ಈ ಚಾರ್ಜರ್ ಕೆಲ್ಸ ಅಲ್ಲೇ ಇರೋದು, ಒಳಗೆ 12.3 ಬರ್ಲಿ 14.8 ಬರ್ಲಿ ಹೊರಗೆ ಮಾತ್ರ 14.2 ವೋಲ್ಟ್, 30 ಆಂಪ್, ಅಲುಗಾಡಲ್ಲ. ಅರ್ಧ ಖಾಲಿಯಾದ ಬ್ಯಾಟರಿ ಎರಡು ಗಂಟೆ ಓಡಿಸೋಷ್ಟರಲ್ಲಿ ತುಂಬಿರುತ್ತೆ. ಇನ್ನೊಂದು ಲಾಭ ಏನಂದ್ರೆ ಲಿಥಿಯಂ ಬ್ಯಾಟರಿನ ಆಲ್ಟರ್ನೇಟರಿಗೆ ನೇರವಾಗಿ ಜೋಡಿಸಿದ್ರೆ ಎಷ್ಟು ಸಿಗುತ್ತೋ ಅಷ್ಟೂ ಎಳ್ಕೊಂಡು ಆಲ್ಟರ್ನೇಟರ್ ಸುಡೋ ಅಪಾಯ ಇದೆ, ಇಲ್ಲಿ ಅದಕ್ಕೊಂದು ಮಿತಿ ಬಿತ್ತು.

ಆದ್ರೆ ಡಬ್ಬಿ ಎಷ್ಟು ಚೆನ್ನಾಗಿದ್ರೂ ವೈರಲ್ಲಿ ಜಿಪುಣತನ ಮಾಡಿದ್ರೆ ಎಲ್ಲಾ ನೀರಲ್ಲಿ ಹೋಮ. ಲೆಕ್ಕ ಹಾಕಿ, ಹೊರಗೆ 14.2 ವೋಲ್ಟಲ್ಲಿ 30 ಆಂಪ್ ಅಂದ್ರೆ 426 ವ್ಯಾಟ್, ಒಳಗಿನ ನಷ್ಟ ಸೇರಿಸಿದ್ರೆ 12.5 ವೋಲ್ಟಲ್ಲಿ ಎಂಜಿನ್ ಕಡೆಯಿಂದ ಸುಮಾರು 39 ಆಂಪ್ ಎಳೆಯುತ್ತೆ. ಎಂಜಿನಿಂದ ಹಿಂದಕ್ಕೆ 5 ಮೀಟರ್, ವಾಪಸ್ 5 ಮೀಟರ್, 6 ಸ್ಕ್ವೇರ್ ಎಂಎಂ ವೈರ್ ಹಾಕಿದ್ರೆ ಒಂದು ವೋಲ್ಟಿಗಿಂತ ಜಾಸ್ತಿ ದಾರೀಲೇ ಹೋಯ್ತು, ಆಮೇಲೆ ಚಾರ್ಜರ್ರಿಗೆ ಬರೋದೇ 11 ಚಿಲ್ಲರೆ, ಅದು ವೋಲ್ಟೇಜ್ ಕಮ್ಮಿ ಅಂತ ಆಫ್ ಆಗಿ ಕೂತ್ರೆ ಚಾರ್ಜರ್ ಕೆಟ್ಟಿದೆ ಅಂತ ಬೈತೀವಿ. 16 ಸ್ಕ್ವೇರ್ ಎಂಎಂ ಹಾಕಿದ್ರೆ ನಷ್ಟ 0.4 ವೋಲ್ಟ್ ಆಸುಪಾಸು. ಕಂಪನಿಯವ್ರು ಮಾತ್ರ ಟರ್ಮಿನಲ್ ತೂತು ಎಷ್ಟು ಸಣ್ಣ ಇಟ್ಟಿದಾರೆ ಅಂದ್ರೆ 16ರ ವೈರ್ ತುದಿ ಬಿಗಿಯಾಗಿ ತಿರುಚಿದ್ರೂ ನಾಲ್ಕೈದು ಎಳೆ ಹೊರಗೇ ಉಳಿಯುತ್ತೆ, ಫೆರೂಲ್ (ವೈರ್ ತುದಿಗೆ ಹಾಕೋ ಲೋಹದ ಕೊಳವೆ) ಹಾಕಿ ಪ್ರೆಸ್ ಮಾಡಿದ್ಮೇಲೆ ಸ್ಕ್ರೂ ಕೆಳಗೆ ಹೋಯ್ತು. ಫ್ಯೂಸ್ ಎರಡೂ ಬ್ಯಾಟರಿ ಪಕ್ಕದಲ್ಲೇ ಇರ್ಬೇಕು, ಒಂದೇ ಕಡೆ ಹಾಕಿ ಬಿಡೋರನ್ನ ನೋಡಿದ್ರೆ ನಂಗೆ ಭಯ ಆಗುತ್ತೆ.

ಎಂಜಿನ್ ಆನ್ ಇದೆಯಾ ಅಂತ ವೋಲ್ಟೇಜ್ ನೋಡಿ ತಾನೇ ಕಂಡುಹಿಡಿಯೋ ಸೆಟ್ಟಿಂಗ್ ಇದೆ, ಸ್ಮಾರ್ಟ್ ಆಲ್ಟರ್ನೇಟರ್ ಇದ್ರೆ ಅದನ್ನ ನಂಬ್ಬೇಡಿ, 12.4ಕ್ಕೆ ಇಳಿದ್ರೆ ಗಾಡಿ ನಿಂತಿದೆ ಅನ್ಕೊಂಡು ಮಲಗ್ಬಿಡುತ್ತೆ. ಇಗ್ನಿಷನ್ ಇಂದ ಒಂದು ಸಣ್ಣ ವೈರ್ ಎಳೆದು ಕೊಟ್ರೆ ತಲೆನೋವಿಲ್ಲ. ನೆಗೆಟಿವ್ ಚಾಸಿಗೆ ಕೊಡಿ, ಎಂಜಿನ್ ಬ್ಯಾಟರಿ ನೆಗೆಟಿವ್ ಮೇಲೆ ಕರೆಂಟ್ ಅಳೆಯೋ ಸೆನ್ಸರ್ ಕೂತಿದ್ರೆ ಅದನ್ನ ದಾಟಿಸಿ ನೇರ ಬ್ಯಾಟರಿ ಕಂಬಕ್ಕೆ ಕೊಟ್ರೆ ಗಾಡಿ ಲೆಕ್ಕ ತಪ್ಪುತ್ತೆ.

ಫ್ಯಾನ್ ಇಲ್ಲ, ಸದ್ದಿಲ್ಲ, ಅದು ಇಷ್ಟ ಆಯ್ತು. ಆದ್ರೆ 60 ವ್ಯಾಟಷ್ಟು ಬಿಸಿ ಎಲ್ಲಾದ್ರೂ ಹೋಗ್ಬೇಕಲ್ಲ, ಸ್ವಲ್ಪ ಹೊತ್ತು ಓಡಿಸಿ ಚಾರ್ಜರ್ ಹಿಂದೆ ಬಿಸಿ ಹೊರಹಾಕೋಕಿರೋ ಲೋಹದ ರೆಕ್ಕೆ ಮುಟ್ಟಿದ್ರೆ ಕೈ ಇಡೋಕಾಗಲ್ಲ. ಸುತ್ತ 40 ಡಿಗ್ರಿ ದಾಟಿದ್ರೆ ಕರೆಂಟ್ ತಾನೇ ಇಳಿಸುತ್ತೆ, ಸೀಟ್ ಕೆಳಗೆ ಮುಚ್ಚಿದ ಪೆಟ್ಟಿಗೇಲಿ ಇಟ್ರೆ 30 ಆಂಪ್ ಅನ್ನೋದು ಕಾಗದದ ಮೇಲೆ ಮಾತ್ರ. ಗೋಡೆಗೆ ನೆಟ್ಟಗೆ, ಮೇಲೆ ಕೆಳಗೆ ಜಾಗ ಬಿಟ್ಟು ಕೂರಿಸಿ.

ದಿನಾ ಊರು ಬದಲಾಯಿಸೋರಿಗೆ ಕಣ್ಮುಚ್ಕೊಂಡು ಹೇಳ್ತೀನಿ, ತಗೊಳ್ಳಿ. ಒಂದೇ ಕಡೆ ವಾರಗಟ್ಟಲೆ ನಿಲ್ಲಿಸೋರಿಗೆ ಸೋಲಾರ್ ಮೊದಲು, ಇದು ಆಮೇಲೆ. ನಿಂತಲ್ಲೇ ಎಂಜಿನ್ ಆನ್ ಮಾಡಿ ಚಾರ್ಜ್ ಮಾಡೋ ಐಡಿಯಾ ಇದ್ರೆ ಬಿಟ್ಬಿಡಿ, ಐಡಲಲ್ಲಿ ಆಲ್ಟರ್ನೇಟರ್ ಫ್ಯಾನೂ ನಿಧಾನ, ಗಾಳಿನೂ ಇಲ್ಲ, ಬೇಗ ಕಾಯುತ್ತೆ. ಇಂಥ ಹೊತ್ತಲ್ಲಿ 30ರಿಂದ 15 ಆಂಪಿಗೆ ಇಳಿಸೋ ಆಪ್ಷನ್ ಬೇಕಿತ್ತು, ಈ ಮಾಡೆಲಲ್ಲಿ ಇಲ್ಲ, ಅದಿರೋದು ಸಿಕ್ಕಿದ್ರೆ ಸ್ವಲ್ಪ ಜಾಸ್ತಿ ಕೊಟ್ಟಾದ್ರೂ ಅದನ್ನೇ ತಗೊಳ್ಳಿ.