ಶೀಟ್ ಸಾಕೇ, ಜೋಹೊ ಬೇಕೇ? ಒಬ್ಬರೇ ನಡೆಸುವ ಕನ್ಸಲ್ಟಿಂಗ್‌ಗೆ ಬಿಲ್ಲು ಮತ್ತು ಹಣದ ಸಾಧನಗಳು

ಈ ಹೋಲಿಕೆಗೆ ಅಳತೆಗೋಲು ಒಂದೇ ಒಂದು ಬಿಲ್ಲು. ಬೆಂಗಳೂರಿನಲ್ಲಿ ಜಿಎಸ್‌ಟಿ ನೋಂದಣಿ ಇರುವ ಕನ್ಸಲ್ಟೆಂಟ್ ಒಬ್ಬರು ಗಂಟೆಗೆ 2,500 ರೂಪಾಯಿಯಂತೆ 40 ಗಂಟೆ ಕೆಲಸ ಮಾಡಿದರೆ ಶುಲ್ಕ 1,00,000 ರೂ. ಅದಕ್ಕೆ 18% ಜಿಎಸ್‌ಟಿ ಸೇರಿ ಬಿಲ್ಲು 1,18,000. ಕಂಪನಿಯವರು ಶುಲ್ಕದ ಮೇಲೆ 10% ಟಿಡಿಎಸ್ (ನಿಮ್ಮ ಹೆಸರಿನಲ್ಲಿ ಮೊದಲೇ ಕಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿದುಕೊಂಡರೆ ಬ್ಯಾಂಕಿಗೆ ಬರುವುದು 1,08,000. ಬಿಲ್ಲಿನಲ್ಲಿ ಒಂದು ಅಂಕಿ, ಪಾಸ್‌ಬುಕ್‌ನಲ್ಲಿ ಇನ್ನೊಂದು, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೂರನೆಯದು. ವರ್ಷದ ಕೊನೆಗೆ ಈ ಮೂರೂ ತಾಳೆಯಾಗಬೇಕು. ಗೂಗಲ್ ಶೀಟ್, ಬಿಲ್ಲು ಮಾಡುವ ಜೋಹೊ ಇನ್‌ವಾಯ್ಸ್ ಮುಂತಾದವುಗಳಲ್ಲಿ ಯಾವ ಸಾಧನ ಹಿಡಿದರೆ ತಾಳೆ ಸುಲಭ ಎಂಬುದೇ ಇಲ್ಲಿನ ಪ್ರಶ್ನೆ. ಟೆಂಪ್ಲೇಟ್ ಎಷ್ಟು ಚೆಂದ ಎಂಬುದು ಆಮೇಲಿನ ಮಾತು.

ಕರ್ನಾಟಕದಲ್ಲಿ ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟದವರಿಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಅಂಥವರಿಗೆ ಕೆಳಗಿನ ತೊಡಕುಗಳಲ್ಲಿ ಅರ್ಧ ಇರುವುದೇ ಇಲ್ಲ, ಶೀಟ್ ಧಾರಾಳ ಸಾಕು.

ಗಂಟೆಯ ಲೆಕ್ಕ

ಕೆಲಸದ ಸಮಯ ದಾಖಲಿಸುವ ಆ್ಯಪ್‌ಗಳಾದ ಟಾಗಲ್ ಟ್ರ್ಯಾಕ್ ಮತ್ತು ಕ್ಲಾಕಿಫೈ ಎರಡರಲ್ಲೂ ಟೈಮರ್ ಒತ್ತಿ ಕೆಲಸ ಶುರು ಮಾಡಬಹುದು, ಮರೆತರೆ ಆಮೇಲೆ ಕೈಯಿಂದಲೂ ತುಂಬಬಹುದು. ಬಳಸಲು ಟಾಗಲ್ ಹಗುರ, ಪರದೆಯ ಮೇಲೆ ಗದ್ದಲ ಕಡಿಮೆ. ಆದರೆ ಗಂಟೆಯ ದರ ಹಾಕಿ ಮೊತ್ತ ತೆಗೆಯುವ ಸೌಲಭ್ಯ ಅದರಲ್ಲಿ ಹಣ ಕೊಟ್ಟವರಿಗೆ ಮಾತ್ರ. ಕ್ಲಾಕಿಫೈನಲ್ಲಿ ಪ್ರಾಜೆಕ್ಟ್‌ಗೊಂದು ದರ ಕೂರಿಸಿದರೆ ವರದಿಯಲ್ಲೇ ಮೊತ್ತ ಸಿಗುತ್ತದೆ. ಗಂಟೆ ಲೆಕ್ಕದ ಬಿಲ್ಲು ಮಾಡುವವರಿಗೆ ನಮ್ಮ ಮತ ಕ್ಲಾಕಿಫೈ ಕಡೆಗೆ.

ಗಂಟೆಗಳನ್ನು ಶೀಟಿಗೆ ತಂದಾಗ ಆಗುವ ಒಂದು ತಪ್ಪು ಎಲ್ಲರನ್ನೂ ಒಮ್ಮೆ ಕಾಡುತ್ತದೆ. 1:30 ಎಂದು ಬರೆದ ಸಮಯವನ್ನು ಶೀಟ್ ಒಂದೂವರೆ ಎಂದು ಓದುವುದಿಲ್ಲ, ದಿನದ ಹದಿನಾರನೇ ಒಂದು ಭಾಗ ಎಂದು ಓದುತ್ತದೆ. ಅದನ್ನು 2,000 ರೂ. ದರದಿಂದ ಗುಣಿಸಿದರೆ 3,000 ಬರುವ ಕಡೆ 125 ಬರುತ್ತದೆ. ದರದಿಂದ ಗುಣಿಸುವ ಮುನ್ನ ಸಮಯವನ್ನು 24ರಿಂದ ಗುಣಿಸಬೇಕು. ಇಲ್ಲವೇ ಕ್ಲಾಕಿಫೈನಿಂದ ಸಿಎಸ್‌ವಿ ಇಳಿಸಿಕೊಳ್ಳುವಾಗ ದಶಮಾಂಶದ ಕಾಲಮ್ಮನ್ನೇ ಬಳಸಬೇಕು. ಇನ್ನೊಂದು: ಮೊತ್ತದ ಕೋಶಕ್ಕೆ ‘ಅವಧಿ’ಯ ಫಾರ್ಮ್ಯಾಟ್ ಕೊಡದಿದ್ದರೆ 26 ಗಂಟೆಯ ಕೆಲಸ 2 ಗಂಟೆ ಎಂದು ತೋರುತ್ತದೆ. ಗಡಿಯಾರ ಒಂದು ಸುತ್ತು ಹಾಕಿ ಬಂದಂತೆ.

ಬಿಲ್ಲು: ಗೂಗಲ್ ಶೀಟ್ ಮತ್ತು ಜೋಹೊ ಇನ್‌ವಾಯ್ಸ್

ಚೆನ್ನೈ ಮೂಲದ ಜೋಹೊ ಕಂಪನಿ ತನ್ನ ಇನ್‌ವಾಯ್ಸ್ ಸಾಧನವನ್ನು ಉಚಿತವಾಗಿಯೇ ಕೊಡುತ್ತದೆ, ಗೂಗಲ್ ಶೀಟೂ ಉಚಿತ. ಹಾಗಾಗಿ ಇಲ್ಲಿ ದುಡ್ಡಿನ ಪ್ರಶ್ನೆ ಇಲ್ಲ, ತಪ್ಪು ಎಲ್ಲಿ ಹುಟ್ಟುತ್ತದೆ ಎಂಬ ಪ್ರಶ್ನೆ ಮಾತ್ರ.

ಮೊದಲು ಬಿಲ್ಲಿನ ಸಂಖ್ಯೆ. ಜಿಎಸ್‌ಟಿ ನಿಯಮದಂತೆ ಅದು ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದೊಳಗೆ ಎರಡು ಸಲ ಬರಬಾರದು. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಇಷ್ಟಕ್ಕೇ ಅವಕಾಶ. ಶೀಟಿನಲ್ಲಿ ಬಿಲ್ಲು ಮಾಡುವವರ ರೂಢಿಯೆಂದರೆ ಹಳೆಯ ಬಿಲ್ಲಿನ ಪ್ರತಿ ತೆಗೆದು ಹೆಸರು, ಮೊತ್ತ ತಿದ್ದುವುದು. ತಿದ್ದಲು ಮರೆಯುವುದು ಸಂಖ್ಯೆಯನ್ನೋ ತಾರೀಖನ್ನೋ. ಒಂದೇ ಸಂಖ್ಯೆ ಇಬ್ಬರಿಗೆ ಹೋಗಿಬಿಡುತ್ತದೆ. ಅಷ್ಟೇ ಅಲ್ಲ, 001 ಎಂದು ಬರೆದರೆ ಶೀಟ್ ಸೊನ್ನೆಗಳನ್ನು ನುಂಗಿ 1 ಮಾಡುತ್ತದೆ. 04/25 ಎಂದು ಬರೆದರೆ ಅದನ್ನು ತಾರೀಖು ಎಂದು ತಿಳಿಯುತ್ತದೆ. ಆ ಕೋಶವನ್ನು ಮೊದಲೇ ‘ಸಾದಾ ಪಠ್ಯ’ ಎಂದು ಮಾಡಿಟ್ಟರೆ ಈ ಕಾಟ ತಪ್ಪುತ್ತದೆ. ಜೋಹೊದಲ್ಲಿ ಸಂಖ್ಯೆ ತಾನೇ ಏರುತ್ತದೆ. ಏಪ್ರಿಲ್ 1ಕ್ಕೆ ಮುಂದಿನ ಸಂಖ್ಯೆ ಮತ್ತು ವರ್ಷದ ಗುರುತು ಸರಿಯಾಗಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಆಯಿತು. ತಪ್ಪಾದ ಬಿಲ್ಲನ್ನು ಅಳಿಸಬೇಡಿ, ರದ್ದು ಎಂದು ಗುರುತಿಸಿ. ಮಾರಾಟದ ಜಿಎಸ್‌ಟಿ ವಿವರವಾದ ಜಿಎಸ್‌ಟಿಆರ್-1ರಲ್ಲಿ ಎಲ್ಲಿಂದ ಎಲ್ಲಿಯವರೆಗೆ ಸಂಖ್ಯೆ ಕೊಟ್ಟಿರಿ, ಎಷ್ಟು ರದ್ದಾಯಿತು ಎಂದು ಕೇಳುತ್ತಾರೆ. ಅಳಿಸಿದರೆ ನಡುವೆ ಬಿದ್ದ ಕಂದಕಕ್ಕೆ ಲೆಕ್ಕ ಕೊಡಲು ದಾಖಲೆಯೇ ಇರುವುದಿಲ್ಲ.

ಎರಡನೆಯದು ಪೈಸೆ. ಗಂಟೆಗೆ 2,500ರ ದರದಲ್ಲಿ 20 ನಿಮಿಷದ ಮೂರು ಸಾಲುಗಳಿವೆ ಎನ್ನಿ. ಪ್ರತಿ ಸಾಲೂ 833.33 ಎಂದು ಕಾಣುತ್ತದೆ, ಕೂಡಿದರೆ 2,499.99. ಆದರೆ ಶೀಟಿನ ಮೊತ್ತ 2,500.00 ಎನ್ನುತ್ತದೆ, ಏಕೆಂದರೆ ಒಳಗಡೆ ಅದು ಪೂರ್ತಿ ದಶಮಾಂಶವನ್ನು ಇಟ್ಟುಕೊಂಡಿರುತ್ತದೆ. ಕ್ಲೈಂಟ್ ಕಡೆಯ ಅಕೌಂಟ್ಸ್‌ನವರು ಕ್ಯಾಲ್ಕುಲೇಟರ್ ಹಿಡಿದರೆ ಬಿಲ್ಲು ವಾಪಸ್. ಪ್ರತಿ ಸಾಲಿಗೂ ರೌಂಡ್ ಸೂತ್ರ ಹಾಕಿ ಎರಡು ದಶಮಾಂಶಕ್ಕೆ ನಿಲ್ಲಿಸಿ, ಆಮೇಲೆ ಕೂಡಬೇಕು.

ಮೂರನೆಯದು ಎಲ್ಲಕ್ಕಿಂತ ತೂಕದ್ದು: ಯಾವ ತೆರಿಗೆ? ಕ್ಲೈಂಟ್‌ನ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾದರೆ ಅದು ಕರ್ನಾಟಕದ ನೋಂದಣಿ, 9% ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು 9% ಎಸ್‌ಜಿಎಸ್‌ಟಿ (ರಾಜ್ಯದ ಪಾಲು). ಮಹಾರಾಷ್ಟ್ರದ 27, ತಮಿಳುನಾಡಿನ 33, ತೆಲಂಗಾಣದ 36 ಆದರೆ 18% ಐಜಿಎಸ್‌ಟಿ, ಅಂದರೆ ಅಂತರರಾಜ್ಯ ತೆರಿಗೆ. ಶೀಟಿನಲ್ಲಿ ಮೊದಲೆರಡು ಅಂಕಿ ನೋಡಿ ತೆರಿಗೆ ಆರಿಸುವ ಇಫ್ ಸೂತ್ರ ಬರೆಯುವುದು ಕಷ್ಟವೇನಲ್ಲ. ಬಹಳ ಜನ ಹಾಗೇ ಮಾಡುತ್ತಾರೆ, ಬಹುಪಾಲು ಸರಿಯಾಗಿಯೇ ಬರುತ್ತದೆ. ಅದು ಕೈಕೊಡುವುದು ಎಸ್‌ಇಜೆಡ್ (ವಿಶೇಷ ಆರ್ಥಿಕ ವಲಯ) ಕ್ಲೈಂಟ್ ಬಂದಾಗ. ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಇಂಥ ಘಟಕಗಳು ಬೇಕಾದಷ್ಟಿವೆ. ಕ್ಲೈಂಟ್ ನಿಮ್ಮ ಮನೆಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲೇ ಇದ್ದರೂ, ಸಂಖ್ಯೆ 29ರಿಂದಲೇ ಶುರುವಾದರೂ, ಎಸ್‌ಇಜೆಡ್ ಘಟಕಕ್ಕೆ ಕೊಟ್ಟ ಸೇವೆಯನ್ನು ಕಾನೂನು ಅಂತರರಾಜ್ಯ ಎಂದೇ ಎಣಿಸುತ್ತದೆ. ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಅಥವಾ ಎಸ್‌ಇಜೆಡ್ ಬಿಲ್ಲು ಮಾಡಲು ಜಿಎಸ್‌ಟಿ ಇಲಾಖೆಗೆ ಕೊಡುವ ಮುಚ್ಚಳಿಕೆ) ಸಲ್ಲಿಸಿದ್ದರೆ ತೆರಿಗೆ ಹಾಕದೆ, ಇಲ್ಲದಿದ್ದರೆ ಐಜಿಎಸ್‌ಟಿ ಹಾಕಿ ಬಿಲ್ಲು ಕೊಡಬೇಕು. ಇಫ್ ಸೂತ್ರ ಇದನ್ನು ಅರಿಯದೆ 9 ಮತ್ತು 9 ಹಾಕಿಬಿಡುತ್ತದೆ. ಜೋಹೊದಲ್ಲಿ ಕ್ಲೈಂಟ್‌ನ ವಿವರ ತುಂಬುವಾಗಲೇ ಜಿಎಸ್‌ಟಿ ಬಗೆ ಯಾವುದು ಎಂದು ಆರಿಸಬೇಕು: ನೋಂದಾಯಿತ, ನೋಂದಣಿ ಇಲ್ಲದ, ಎಸ್‌ಇಜೆಡ್, ವಿದೇಶಿ. ಒಮ್ಮೆ ಸರಿಯಾಗಿ ಆರಿಸಿದರೆ ಮುಂದಿನ ಬಿಲ್ಲುಗಳೆಲ್ಲ ಅದನ್ನೇ ಹಿಡಿಯುತ್ತವೆ. ತಪ್ಪಾಗಿ ಆರಿಸಿದರೂ ಅಷ್ಟೇ, ಎಲ್ಲ ಬಿಲ್ಲೂ ಒಂದೇ ತಪ್ಪನ್ನು ಹೊತ್ತು ಹೋಗುತ್ತವೆ. ಆದ್ದರಿಂದ ಹೊಸ ಕ್ಲೈಂಟ್‌ನ ಮೊದಲ ಬಿಲ್ಲನ್ನು ಸಿಎ ಒಬ್ಬರ ಕಣ್ಣಿಗೆ ಬೀಳಿಸಿ ಕಳಿಸುವುದು ಕ್ಷೇಮ.

ಜಿಎಸ್‌ಟಿ ಬಿಲ್ಲಿಗೆ ಬೇಕಾದ ಸೇವೆಯ ಕೋಡ್ ಅನ್ನು ಶೀಟ್, ಜೋಹೊ ಎರಡರಲ್ಲೂ ನೀವೇ ತುಂಬಬೇಕು. ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್‌ಗೆ 998311, ಐಟಿ ಕನ್ಸಲ್ಟಿಂಗ್‌ಗೆ 998313. ಐದು ಕೋಟಿ ವಹಿವಾಟಿನವರೆಗೆ ಮೊದಲ ನಾಲ್ಕು ಅಂಕಿ ಸಾಕು.

ನಮ್ಮ ತೀರ್ಪು: ಮೂರು ನಾಲ್ಕು ಕ್ಲೈಂಟ್, ಎಲ್ಲರೂ ಕರ್ನಾಟಕದವರೇ, ತಿಂಗಳಿಗೊಂದೇ ನಿಗದಿತ ಶುಲ್ಕ ಅಂತಿದ್ದರೆ ಶೀಟ್ ಸಾಕು. ಹೊರರಾಜ್ಯ, ಎಸ್‌ಇಜೆಡ್, ವಿದೇಶ ಇವುಗಳಲ್ಲಿ ಯಾವುದಾದರೂ ಒಂದು ಬಂದ ದಿನವೇ ಜೋಹೊಗೆ ಹೋಗಿ. ಅದರಲ್ಲಿ ಪ್ರಾಜೆಕ್ಟ್ ಟೈಮರ್ ಕೂಡ ಇರುವುದರಿಂದ ಬಿಲ್ಲಾಗದ ಗಂಟೆಗಳನ್ನು ನೇರವಾಗಿ ಬಿಲ್ಲಿಗೆ ಎಳೆಯಬಹುದು, ಕ್ಲಾಕಿಫೈ ಬಿಟ್ಟರೂ ನಡೆಯುತ್ತದೆ.

ದೇಶದೊಳಗಿನ ಹಣ: ನೆಫ್ಟ್, ಯುಪಿಐ, ಪೇಮೆಂಟ್ ಲಿಂಕ್

ಕಂಪನಿಗಳು ನೆಫ್ಟ್‌ನಲ್ಲೇ ಕೊಡುತ್ತವೆ. 2019ರ ಡಿಸೆಂಬರ್‌ನಿಂದ ಅದು ದಿನದ 24 ಗಂಟೆಯೂ, ಅರ್ಧ ಗಂಟೆಗೊಂದು ಕಂತಿನಲ್ಲಿ ನಡೆಯುತ್ತಿದೆ. ತೊಂದರೆ ಇರುವುದು ವೇಗದಲ್ಲಲ್ಲ, ಗುರುತಿನಲ್ಲಿ. ಪಾಸ್‌ಬುಕ್ಕಿನ ಸಾಲಿನಲ್ಲಿ ಬಿಲ್ಲಿನ ಸಂಖ್ಯೆ ಇರುವುದು ಅಪರೂಪ. ಎರಡು ತಿಂಗಳ ಬಿಲ್ಲು ಒಟ್ಟಿಗೆ ಬಂದರೆ ಯಾವುದಕ್ಕೆ ಎಷ್ಟು ಎಂದು ತಿಳಿಯದು. ಹಣ ಬಂದ ದಿನವೇ ಯುಟಿಆರ್ ಸಂಖ್ಯೆಯ (ಆ ಬ್ಯಾಂಕ್ ವರ್ಗಾವಣೆಯ ಗುರುತಿನ ಸಂಖ್ಯೆ) ಜೊತೆ ಬಿಲ್‌ವಾರು ವಿವರವನ್ನು ಇಮೇಲ್‌ನಲ್ಲಿ ಕೇಳಿ ಪಡೆಯಿರಿ.

ಟಿಡಿಎಸ್ ಇಲ್ಲೇ ಸಿಕ್ಕುಹಾಕಿಕೊಳ್ಳುವುದು. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ತೋರಿಸಿದ್ದರೆ ಕಡಿತ 1,00,000ದ ಮೇಲೆ ಮಾತ್ರ. ಎಲ್ಲ ಸೇರಿಸಿ ಒಂದೇ ಮೊತ್ತ ಬರೆದಿದ್ದರೆ ಅಕೌಂಟ್ಸ್‌ನವರು 1,18,000ದ ಮೇಲೆ ಹಿಡಿಯುತ್ತಾರೆ, 1,800 ರೂ. ಹೆಚ್ಚು ಹೋಗುತ್ತದೆ. ಕೆಲವರು ನಿಮ್ಮ ಕೆಲಸವನ್ನು ವೃತ್ತಿಪರ ಸೇವೆ ಎನ್ನದೆ ತಾಂತ್ರಿಕ ಸೇವೆ ಎಂದು ಎಣಿಸಿ 2% ಹಿಡಿಯುತ್ತಾರೆ; ಕೆಲಸ ಒಪ್ಪುವಾಗಲೇ ಯಾವುದು ಎಂದು ಮಾತಾಡಿಕೊಂಡರೆ ಒಳ್ಳೆಯದು. ಜೋಹೊದಲ್ಲಿ ಹಣ ಬಂದದ್ದನ್ನು ದಾಖಲಿಸುವಾಗ ಟಿಡಿಎಸ್ ಕಡಿತವನ್ನು ಬೇರೆಯಾಗಿ ತೋರಿಸಲು ಬರುತ್ತದೆ, ಹಾಗೆ ಮಾಡಿದರೆ ಬಿಲ್ಲು ಪೂರ್ತಿ ತೀರುತ್ತದೆ. ಇಲ್ಲವಾದರೆ 10,000 ಬಾಕಿ ಎಂದು ತೋರಿಸಿ, ಹಣ ಕೊಟ್ಟವರಿಗೇ ನೆನಪೋಲೆ ಹೋಗುತ್ತಿರುತ್ತದೆ. ಶೀಟಿನಲ್ಲಾದರೆ ಮೂರು ಕಾಲಮ್ ಇಡಿ: ಬಿಲ್ಲು, ಬಂದದ್ದು, ಟಿಡಿಎಸ್. ಏಪ್ರಿಲ್‌ನಿಂದ ಜೂನ್‌ವರೆಗಿನ ಕಡಿತ ಪೋರ್ಟಲ್‌ನಲ್ಲಿ ಕಾಣುವುದು ಕಂಪನಿ ತನ್ನ ತ್ರೈಮಾಸಿಕ ವಿವರ ಸಲ್ಲಿಸಿದ ಮೇಲೆ, ಅದರ ಗಡುವು ಜುಲೈ 31. ಆಗಸ್ಟ್‌ನಲ್ಲಿ ನೋಡಿ, ಕಾಣದಿದ್ದರೆ ಆಗಲೇ ಕೇಳಿ. ಮುಂದಿನ ಜುಲೈವರೆಗೆ ಬಿಟ್ಟರೆ ಕಂಪನಿಯಲ್ಲಿ ಆ ಸೀಟಿನಲ್ಲಿ ಬೇರೆಯವರೇ ಕೂತಿರುತ್ತಾರೆ.

ವ್ಯಕ್ತಿಗಳಿಂದ ಬರುವ ಸಣ್ಣ ಶುಲ್ಕಕ್ಕೆ ಯುಪಿಐಗೆ ಸಾಟಿಯಿಲ್ಲ, ಖರ್ಚು ಸೊನ್ನೆ. ಸಾಮಾನ್ಯ ಮಿತಿ ಒಂದು ಲಕ್ಷ, ಹಾಗಾಗಿ ನಮ್ಮ ಮಾದರಿ ಬಿಲ್ಲು ಅದರಲ್ಲಿ ಹಿಡಿಸದು. ರೇಜರ್‌ಪೇ ಮುಂತಾದವರ ಪೇಮೆಂಟ್ ಲಿಂಕ್‌ನಲ್ಲಿ ಸಾಮಾನ್ಯ ದರ 2%, ಅದರ ಮೇಲೆ 18% ಜಿಎಸ್‌ಟಿ. 11,800ರ ಬಿಲ್ಲಿಗೆ 236 ಮತ್ತು 42.48 ಹೋಗಿ 11,521.52 ಬರುತ್ತದೆ, ಅದೂ ಒಂದೆರಡು ಕೆಲಸದ ದಿನ ಬಿಟ್ಟು. ಕಾರ್ಡಿನಲ್ಲೇ ಕೊಡುತ್ತೇನೆ ಎನ್ನುವವರಿಗೆ, ಮುಂಗಡ ಬರದೆ ಸಮಯ ಕಾದಿರಿಸಬಾರದ ಸಮಾಲೋಚನೆಗೆ ಲಿಂಕ್ ಸರಿ. ಲೆಕ್ಕದಲ್ಲಿ ಆದಾಯ (ಜಿಎಸ್‌ಟಿ ಬಿಟ್ಟು) 10,000 ಎಂದೇ ಬರೆದು ಶುಲ್ಕವನ್ನು ಖರ್ಚಿಗೆ ಹಾಕಿ. ಕೈಗೆ ಬಂದದ್ದನ್ನೇ ಆದಾಯ ಎಂದು ಬರೆದರೆ ಜಿಎಸ್‌ಟಿ ವಿವರದೊಂದಿಗೆ ತಾಳೆಯಾಗುವುದಿಲ್ಲ.

ವಿದೇಶದ ಹಣ: ಪೇಪಾಲ್ ಮತ್ತು ಸ್ವಿಫ್ಟ್

2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಗೆ ಪೇಪಾಲ್ ಇಲ್ಲ, ಹೊರದೇಶದ ಕ್ಲೈಂಟ್‌ಗಳಿಗೆ ಮಾತ್ರ. ಕ್ಲೈಂಟ್‌ಗೆ ಅದು ಎರಡು ನಿಮಿಷದ ಕೆಲಸ. ನಿಮಗೆ ಆಗುವ ಖರ್ಚು ದೊಡ್ಡದು: 4.4% ಮತ್ತು ಒಂದಿಷ್ಟು ಸೆಂಟು, ಅಂದರೆ 1,000 ಡಾಲರ್‌ಗೆ 44 ಡಾಲರ್‌ಗಿಂತ ಹೆಚ್ಚು. ಮೇಲೆ ರೂಪಾಯಿಗೆ ಬದಲಿಸುವಾಗ ಅವರದೇ ದರ, ಮಾರುಕಟ್ಟೆಗಿಂತ ಕಡಿಮೆ.

ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಬ್ಯಾಂಕ್ ಜಾಲದ ಮೂಲಕ ನೇರ ಬ್ಯಾಂಕಿಗೆ ತರಿಸಿದರೆ ಖರ್ಚು ಶೇಕಡಾವಾರು ಏರುವುದಿಲ್ಲ. ದಾರಿಯ ಬ್ಯಾಂಕುಗಳೂ ಸೇರಿ 25 ಡಾಲರ್ ಹಿಡಿದವು ಎನ್ನೋಣ. 500 ಡಾಲರ್‌ಗೆ ಅದು 5%, 5,000ಕ್ಕೆ ಅರ್ಧ ಶೇಕಡಾ. ಸಣ್ಣ ಮೊತ್ತಕ್ಕೆ ಪೇಪಾಲ್, ಸಾವಿರ ದಾಟಿದ್ದಕ್ಕೆ ಸ್ವಿಫ್ಟ್ ಎಂಬುದು ನಮ್ಮ ಗೆರೆ. ಕ್ಲೈಂಟ್‌ಗೆ ಕೊಡಬೇಕಾದ್ದು ಖಾತೆಯಲ್ಲಿರುವಂತೆಯೇ ಹೆಸರು, ಖಾತೆ ಸಂಖ್ಯೆ, ಸ್ವಿಫ್ಟ್ ಕೋಡ್, ವಿಳಾಸ. ಯುರೋಪಿನವರು ಐಬ್ಯಾನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆ ಕೇಳುತ್ತಾರೆ. ಭಾರತದಲ್ಲಿ ಅದಿಲ್ಲ ಎಂದು ಮೊದಲೇ ತಿಳಿಸಿ. ಕಳಿಸುವ ಖರ್ಚು ‘ಅವರ್’ (OUR) ಎಂದು ಆರಿಸಲು ಹೇಳಿದರೆ ದಾರಿಯ ಕಡಿತವನ್ನು ಅವರೇ ಹೊರುತ್ತಾರೆ. ಹಣ ಯಾವ ಕೆಲಸಕ್ಕೆ ಬಂದದ್ದು ಎಂದು ಹೇಳುವ ಪರ್ಪಸ್ ಕೋಡ್ ಅನ್ನು ನಿಮ್ಮ ಬ್ಯಾಂಕು ಕೇಳುತ್ತದೆ: ಬಿಸಿನೆಸ್ ಮತ್ತು ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್‌ಗೆ ಪಿ1006, ಸಾಫ್ಟ್‌ವೇರ್ ಕನ್ಸಲ್ಟಿಂಗ್‌ಗೆ ಪಿ0802. ಉತ್ತರ ಹೋಗುವವರೆಗೆ ಹಣ ಅಲ್ಲೇ ನಿಂತಿರುತ್ತದೆ.

ಯಾವ ದಾರಿಯಾದರೂ ವಿದೇಶಿ ಹಣ ಬಂದದ್ದಕ್ಕೆ ಸಿಗುವ ಪತ್ರವನ್ನು, ಅಂದರೆ ಎಫ್‌ಐಆರ್‌ಎಯನ್ನು, ಬಿಲ್ಲಿನ ಜೊತೆಗೇ ಇಡಿ. ರಫ್ತು ಎಂದು ಜಿಎಸ್‌ಟಿ ಹಾಕದಿರುವುದಕ್ಕೆ ಅದೇ ಪುರಾವೆ. ಎಲ್‌ಯುಟಿಯನ್ನು ಆರ್‌ಎಫ್‌ಡಿ-11 ನಮೂನೆಯಲ್ಲಿ ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಸಲ್ಲಿಸಬೇಕು, ಏಪ್ರಿಲ್‌ನ ಮೊದಲ ಬಿಲ್ಲಿಗೆ ಮುಂಚೆಯೇ.

ಶೀಟಿನಲ್ಲಿ ಡಾಲರ್ ಬಿಲ್ಲು ಮಾಡುವವರು ಗೂಗಲ್ ಫೈನಾನ್ಸ್ ಸೂತ್ರದಿಂದ ದರ ತರಿಸಿದರೆ, ತಕ್ಷಣ ಅದನ್ನು ಬರೀ ಮೌಲ್ಯವಾಗಿ ಅಂಟಿಸಿ. ತಾರೀಖು ಕೊಡದ ಸೂತ್ರ ಫೈಲ್ ತೆರೆದಾಗಲೆಲ್ಲ ಆ ಹೊತ್ತಿನ ದರ ತರುತ್ತದೆ, ಜೂನ್‌ನ ಬಿಲ್ಲು ಜನವರಿಯಲ್ಲಿ ಬೇರೆ ಮೊತ್ತ ತೋರಿಸುತ್ತದೆ. ಜೋಹೊದಲ್ಲಿ ಬಿಲ್ಲಿನ ದಿನದ ದರ ಅದರೊಡನೆಯೇ ಉಳಿಯುತ್ತದೆ.

ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ವಿವರದ ಗಡುವಿನಿಂದ 72 ತಿಂಗಳು ಇಟ್ಟಿರಬೇಕು. ಉಚಿತ ಸಾಧನದ ಆಯಸ್ಸು ನಮ್ಮ ಕೈಯಲ್ಲಿಲ್ಲ. ಮಾರ್ಚ್ 31 ಕಳೆದ ವಾರವೇ ಎಲ್ಲ ಬಿಲ್ಲುಗಳ ಪಿಡಿಎಫ್, ಪಾವತಿಗಳ ಸಿಎಸ್‌ವಿ, ಎಫ್‌ಐಆರ್‌ಎಗಳನ್ನು ವರ್ಷದ ಹೆಸರಿನ ಒಂದೇ ಫೋಲ್ಡರ್‌ಗೆ ಇಳಿಸಿ, ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಸಿಎ ಬಳಿ.